ಬೋರಮಾಳದ ಗುಂಡು ಮತ್ತು ಪತ್ತಾರನ ಕೂಲಿ

2025ರ ಶ್ರಾವಣದಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ಕಿರಿಯ ಮಗನ ಮದುವೆ ನಿಶ್ಚಯವಾಗಿತ್ತು. ಆ ವರ್ಷ ಚಿನ್ನದ ಬೆಲೆ ಹತ್ತು ಗ್ರಾಮಿಗೆ ಒಂದು ಲಕ್ಷ ರೂಪಾಯಿ ದಾಟಿತ್ತಾದ್ದರಿಂದ, ನಿವೃತ್ತಿ ವೇತನದ ಮೇಲೆ ಜೀವಿಸುವ ನಮ್ಮಂಥವರು ಹೊಸ ಒಡವೆಯ ಮಾತನ್ನು ಎತ್ತುವಂತಿರಲಿಲ್ಲ. ನನ್ನ ತಾಯಿಯ ಬೋರಮಾಳ ಸರವೊಂದು ಕಪಾಟಿನಲ್ಲಿತ್ತು. ಅದನ್ನು ಕೊಟ್ಟು ಬದಲಿಗೆ ಸೊಸೆಗೊಂದು ಸರ ತರೋಣವೆಂದು ಮಗನನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ದೊಡ್ಡ ಮಳಿಗೆಯೊಂದಕ್ಕೆ ಹೋದೆ. ಮಳಿಗೆಯ ಹೆಸರು ಇಲ್ಲಿ ಅನಗತ್ಯ, ಏಕೆಂದರೆ ಯಾವ ಮಳಿಗೆಗೆ ಹೋಗಿದ್ದರೂ ನಡೆಯುತ್ತಿದ್ದುದು ಇದೇ.

ಗಾಜಿನ ಮೇಜಿನಾಚೆ ನಿಂತಿದ್ದ ಯುವಕ ಸರವನ್ನು ತಕ್ಕಡಿಗಿಟ್ಟ. ಹದಿನೇಳು ಗ್ರಾಂ ಆರುನೂರು ಮಿಲಿಗ್ರಾಂ. ನಂತರ ನಮ್ಮನ್ನು ಕೇಳುವ ಗೋಜಿಗೂ ಹೋಗದೆ ಒಂದು ಗುಂಡನ್ನು ಇಕ್ಕಳದಲ್ಲಿ ಹಿಡಿದು ಕತ್ತರಿಸಿಯೇ ಬಿಟ್ಟ. ಒಳಗಿನಿಂದ ಕಂದು ಬಣ್ಣದ ಅರಗಿನ ಪುಡಿ ಗಾಜಿನ ಮೇಲೆ ಉದುರಿತು. ಆತ ನನ್ನ ಮಗನ ಕಡೆಗೆ ತಿರುಗಿ ಮುಗುಳ್ನಗುತ್ತ, "ನೋಡಿ ಸಾರ್, ಎಲ್ಲಾ ಪೊಳ್ಳು. ಏಳು ಗ್ರಾಂ ಬರೀ ಅರಗು. ಪಾಪ, ಅಜ್ಜಿಗೆ ಪತ್ತಾರ ಟೋಪಿ ಹಾಕಿದಾನೆ" ಎಂದ.

ನನ್ನ ಕೋಪ ಕತ್ತರಿಸಿದ್ದಕ್ಕಲ್ಲ, ಆ ಕೊನೆಯ ಮಾತಿಗೆ. ಸರವನ್ನೂ ತುಂಡಾದ ಗುಂಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ತಾಯಿಯ ಸಣ್ಣ ಡಬ್ಬಿಯಲ್ಲಿ, ಸರದ ಕೆಳಗೆ, ನಾಲ್ಕಾಗಿ ಮಡಿಸಿದ ಒಂದು ಚೀಟಿ ಇತ್ತು. 1974ರದು. ನೀಲಿ ಶಾಯಿಯಲ್ಲಿ ಹೀಗೆ ಬರೆದಿತ್ತು: ಗುಂಡು 28. ಅರಗು ಬಿಟ್ಟು ತೂಕ 10 ಗ್ರಾಂ 200 ಮಿಲಿ. ಕೂಲಿ ರೂ. 35.

ಓದುಗ ಮಿತ್ರರು "ಅರಗು ಬಿಟ್ಟು" ಎಂಬ ಎರಡು ಪದಗಳನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು. ನನ್ನ ತಾಯಿ ದುಡ್ಡು ಕೊಟ್ಟಿದ್ದು ಹತ್ತು ಗ್ರಾಂ ಇನ್ನೂರು ಮಿಲಿಗ್ರಾಂ ಚಿನ್ನಕ್ಕೆ. ಪಡೆದದ್ದೂ ಅಷ್ಟೇ ಚಿನ್ನವನ್ನು. ಅರಗು ಬೆಲೆಯಿಲ್ಲದೆ ಬಂದಿತ್ತು. ಟೋಪಿ ಯಾರು ಯಾರಿಗೆ ಹಾಕಿದರು?

ದಕ್ಷಿಣದ ಓದುಗರಿಗಾಗಿ ಒಂದು ಮಾತು. ಬೋರಮಾಳವೆಂದರೆ ಬೋರೆ ಹಣ್ಣಿನ ಗಾತ್ರದ, ಬೋರೆ ಹಣ್ಣಿನಂತೆಯೇ ತುಸು ಉದ್ದನೆಯ ಚಿನ್ನದ ಗುಂಡುಗಳ ಸರ. ನಮ್ಮ ಉತ್ತರ ಕರ್ನಾಟಕದಲ್ಲಿ, ಹಾಗೆಯೇ ಮಹಾರಾಷ್ಟ್ರದಲ್ಲಿ, ಮುತ್ತೈದೆಯರ ಕೊರಳಿನ ಗುರುತು. ನಿಮ್ಮ ಕಡೆಯ ಗುಂಡಿನ ಸರ, ಕೊಡಗಿನವರು ಕಪ್ಪು ದಾರದಲ್ಲಿ ಪೋಣಿಸಿ ಧರಿಸುವ ಜೋಮಾಲೆ, ತಾಳಿಯ ಎರಡು ಪಕ್ಕಗಳಲ್ಲಿ ಕೂರುವ ಗುಂಡುಗಳು, ಇವೆಲ್ಲ ಒಂದೇ ವಂಶದವು. ಹೊರಗೆ ಚಿನ್ನದ ತೆಳು ತಗಡು, ಒಳಗೆ ಬಯಲು ಅಥವಾ ಅರಗು.

ಇದು ಏಕೆ ಹೀಗೆ ಎಂಬುದಕ್ಕೆ ಮೂವತ್ತೇಳು ವರ್ಷ ಗಣಿತ ಮತ್ತು ವಿಜ್ಞಾನ ಬೋಧಿಸಿದ ನಾನು ಒಂದು ಲೆಕ್ಕ ಹೇಳದೆ ಬಿಡಲಾರೆ. ಅನುಕೂಲಕ್ಕಾಗಿ ಗುಂಡನ್ನು ಎಂಟು ಮಿಲಿಮೀಟರ್ ವ್ಯಾಸದ ಗೋಲವೆಂದು ಭಾವಿಸೋಣ. ಅದರ ಘನಫಲ ಘನ ಸೆಂಟಿಮೀಟರಿನ ಕಾಲು ಭಾಗಕ್ಕಿಂತ ತುಸು ಹೆಚ್ಚು, 0.268. ಇಪ್ಪತ್ತೆರಡು ಕ್ಯಾರೆಟ್ ಚಿನ್ನದ ಸಾಂದ್ರತೆ ಸುಮಾರು 17.7. ಗುಂಡು ಗಟ್ಟಿಯಾಗಿದ್ದರೆ ಒಂದೊಂದೂ ನಾಲ್ಕೂಮುಕ್ಕಾಲು ಗ್ರಾಂ ತೂಗುತ್ತದೆ. ಇಪ್ಪತ್ತೆಂಟು ಗುಂಡುಗಳಿಗೆ ನೂರಾ ಮೂವತ್ತಮೂರು ಗ್ರಾಂ ಆಗುತ್ತದೆ. ಅದೇ ಗುಂಡನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ತಗಡಿನಿಂದ ಮಾಡಿದರೆ ಒಂದರ ತೂಕ ಗ್ರಾಮಿನ ಮೂರನೆಯ ಒಂದು ಭಾಗವನ್ನು ಅಷ್ಟಿಷ್ಟು ಮೀರುತ್ತದೆ. ಇಪ್ಪತ್ತೆಂಟಕ್ಕೆ ಹತ್ತು ಗ್ರಾಂ. ಚೀಟಿಯ ತೂಕ ಅದೇ ತಾನೆ?

1974ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು ಐನೂರು ರೂಪಾಯಿ. ಎರಡು ಎಮ್ಮೆಗಳ ಹಾಲು ಮಾರಿ ಮನೆ ನಡೆಸುತ್ತಿದ್ದ ನನ್ನ ತಾಯಿ ಆ ಐನೂರನ್ನು ಕೂಡಿಸಲು ಎಷ್ಟು ವರ್ಷ ತೆಗೆದುಕೊಂಡಳೆಂಬುದು ನನಗೆ ಗೊತ್ತು. ಗಟ್ಟಿ ಗುಂಡಿನ ಸರಕ್ಕೆ ಬೇಕಾಗುತ್ತಿದ್ದ ಆರೂವರೆ ಸಾವಿರ ರೂಪಾಯಿಯನ್ನು ಆಕೆ ಮೂರು ಜನ್ಮಗಳಲ್ಲೂ ಕೂಡಿಸುತ್ತಿರಲಿಲ್ಲ. ದೇಸಾಯರ ವಾಡೆಯ ಹೆಂಗಸರ ಕೊರಳಿನಷ್ಟೇ ತುಂಬಿದ ಕೊರಳು ಒಬ್ಬ ಹಾಲು ಮಾರುವ ವಿಧವೆಯ ಮಗಳಿಗೂ ದೊರೆಯಲೆಂದು (ಆಕೆ ಸರ ಮಾಡಿಸಿದ್ದು ನನ್ನ ಅಕ್ಕನ ಮದುವೆಗೆ, ಅಕ್ಕ ತೀರಿಕೊಂಡ ಮೇಲೆ ಅದು ಮರಳಿ ತಾಯಿಯ ಬಳಿ ಬಂತು) ಯಾವನೋ ಪತ್ತಾರ ಶತಮಾನಗಳ ಹಿಂದೆ ಕಂಡುಕೊಂಡ ಉಪಾಯ ಈ ಪೊಳ್ಳು ಗುಂಡು. ಇದನ್ನು ಮೋಸವೆನ್ನುವವರಿಗೆ ಚಿನ್ನದ ವಿಷಯವೂ ಗೊತ್ತಿಲ್ಲ, ಬಡತನದ ವಿಷಯವೂ ಗೊತ್ತಿಲ್ಲ.

ನಮ್ಮ ಭಾಷೆಯೇ ಇಲ್ಲಿ ಅರ್ಧ ಅಪರಾಧಿ. ಗಟ್ಟಿ ಎಂದರೆ ಒಳ್ಳೆಯದು. ಗಟ್ಟಿ ಮನುಷ್ಯ, ಗಟ್ಟಿ ಮಾತು, ಗಟ್ಟಿಮೇಳ. ಪೊಳ್ಳು, ಟೊಳ್ಳು, ಜೊಳ್ಳು ಎಂದರೆ ಸುಳ್ಳು. ಹಾಗಿದ್ದರೆ ಕೊಳಲಿನ ಗತಿ ಏನು? ತಂಬೂರಿಯ ಬುರುಡೆಯ ಗತಿ ಏನು? ಊದಿ ನುಡಿಸುವ ವಾದ್ಯಗಳನ್ನು ಶಾಸ್ತ್ರಕಾರರು ಸುಷಿರವೆಂದು ಕರೆದರು. ಸುಷಿರವೆಂದರೆ ಟೊಳ್ಳು. ಇದೇ ಪದವನ್ನು ಕೌಟಿಲ್ಯನ ಅರ್ಥಶಾಸ್ತ್ರ ಅಕ್ಕಸಾಲೆಯ ಕೆಲಸಕ್ಕೂ ಬಳಸುತ್ತದೆ. ಘನ ಮತ್ತು ಸುಷಿರ, ಅಂದರೆ ಗಟ್ಟಿ ಕೆಲಸ ಮತ್ತು ಟೊಳ್ಳು ಕೆಲಸ, ಎರಡನ್ನೂ ಅದು ಒಂದೇ ಸಾಲಿನಲ್ಲಿ ಕಸುಬಿನ ಬಗೆಗಳಾಗಿ ಹೇಳುತ್ತದೆ. ಕೌಟಿಲ್ಯ ಅಕ್ಕಸಾಲಿಗರ ಮೇಲೆ ಪ್ರೀತಿಯುಳ್ಳವನೇನೂ ಅಲ್ಲ. ಅವರು ಚಿನ್ನ ಲಪಟಾಯಿಸುವ ಐದು ವಿಧಾನಗಳನ್ನು ಪೊಲೀಸ್ ಅಧಿಕಾರಿಯ ಹಾಗೆ ಪಟ್ಟಿ ಮಾಡಿದವನು. ಆದರೂ ಟೊಳ್ಳಾಗಿ ಮಾಡುವುದನ್ನೇ ಅಪರಾಧವೆಂದು ಆತ ಎಣಿಸಲಿಲ್ಲ. ಅಷ್ಟೇ ಅಲ್ಲ, ಅಕ್ಕಸಾಲಿಗನ ವೇತನವನ್ನು ಬೇರೆಯಾಗಿಯೇ ನಿಗದಿ ಮಾಡಿ, ವಿಶೇಷ ಕೌಶಲದ ಕೆಲಸವಾದರೆ ಅದನ್ನು ಇಮ್ಮಡಿ ಮಾಡಬೇಕೆಂದೂ ವಿಧಿಸಿದ. ಈ ಇಮ್ಮಡಿಯ ಮಾತು ನಮ್ಮ ಸಮಾಜಕ್ಕೆ ಮರೆತುಹೋಯಿತು, ಐದು ಕಳ್ಳತನಗಳು ಮಾತ್ರ ನೆನಪಿನಲ್ಲುಳಿದವು.

ನೆನಪಿನಲ್ಲಿ ಉಳಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಹೇಳದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ.

1987ರ ಸುಮಾರು. ನಮ್ಮ ಶಾಲೆಯ ಕನ್ನಡ ಪಂಡಿತರು ದೀರ್ಘ ರಜೆಯ ಮೇಲಿದ್ದರು. ಎಂಟನೆಯ ತರಗತಿಯ ಕನ್ನಡ ಅವಧಿಗಳನ್ನು ನನಗೆ ಹಂಚಲಾಗಿತ್ತು. ಗಾದೆಗಳ ವಿಸ್ತರಣೆ ಹೇಳಿಕೊಡಬೇಕಿತ್ತು. ಅಕ್ಕಸಾಲಿ ತನ್ನ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ಹಲಗೆಯ ಮೇಲೆ ಬರೆದೆ. ಮಕ್ಕಳನ್ನು ನಗಿಸುವ ಉತ್ಸಾಹದಲ್ಲಿ, ಪತ್ತಾರ ಬೆರಳ ಉಗುರಿನ ಸಂದಿಯಲ್ಲಿ ಚಿನ್ನದ ಅರದ ಪುಡಿಯನ್ನು ಹೇಗೆ ಅಡಗಿಸುತ್ತಾನೆಂದು ಅಭಿನಯಿಸಿಯೂ ತೋರಿಸಿದೆ. ತರಗತಿ ನಕ್ಕಿತು. ಮೂರನೆಯ ಬೆಂಚಿನ ತುದಿಯಲ್ಲಿ, ನನ್ನ ತಾಯಿಯ ಬೋರಮಾಳ ಮಾಡಿದ ಅದೇ ಪತ್ತಾರರ ಮಗ ಕುಳಿತಿದ್ದ. ಅವನೂ ನಕ್ಕ. ಉಳಿದವರು ನಗುವಾಗ ತಾನೊಬ್ಬನೇ ನಗದಿದ್ದರೆ ಗುರುತು ಸಿಕ್ಕುತ್ತದೆಂದು ನಗುವ ಮಗುವಿನ ನಗೆ ಅದು. ಆ ದಿನ ನನಗದು ಕಾಣಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಶಿಶು ಮನೋವಿಜ್ಞಾನದ ಪತ್ರಿಕೆಯಲ್ಲಿ ನನಗೆ ಪ್ರಥಮ ದರ್ಜೆಯ ಅಂಕಗಳು ಬಂದಿದ್ದವು.

ತುಂಡಾದ ಗುಂಡನ್ನು ಹಿಡಿದು ನಾನು ಹೋದದ್ದು ಅವನ ಬಳಿಗೇ. ನಮ್ಮೂರ ಪತ್ತಾರ ಓಣಿಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಮನೆಗಳಲ್ಲಿ ಕುಂಪಟೆ ಉರಿಯುತ್ತಿತ್ತು. ಈಗ ಎರಡು. ಇವನು ಹೆಚ್ಚಾಗಿ ಮಾಡುವುದು ದುರಸ್ತಿ: ಕಳಚಿದ ಕೊಂಡಿ, ಸವೆದ ಮೂಗುಬಟ್ಟು, ಕಾಲುಂಗುರ. ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗ ಹಿಡಿದಿದ್ದಾನೆ. ಗುಂಡನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. "ನಮ್ಮ ಅಪ್ಪನ ಕೆಲಸರಿ ಇದು" ಎಂದ. ಕತ್ತರಿಸಿದ್ದು ಸರಿಯಾಗಿ ಕೂಡುವುದಿಲ್ಲ, ಕರಗಿಸಿ ಹೊಸದಾಗಿಯೇ ಮಾಡಬೇಕೆಂದ. ನಾನು ಅಲ್ಲೇ ಚಾಪೆಯ ಮೇಲೆ ಕುಳಿತೆ. ಮಧ್ಯಾಹ್ನ ಎರಡು ಗಂಟೆಗೆ ಕುಳಿತವಳು ಎದ್ದಾಗ ದೀಪ ಹಚ್ಚಿದ್ದರು. ಒಂದೇ ಒಂದು ಗುಂಡಿಗೆ.

ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೂಲಿಯ ವಿಷಯದಲ್ಲಿ ಚೌಕಾಶಿ ಮಾಡುವವರು ಯಾವುದಕ್ಕೆ ಚೌಕಾಶಿ ಮಾಡುತ್ತಿದ್ದೇವೆಂದು ತಿಳಿದಿರಬೇಕು.

ಮೊದಲು ಅರಗನ್ನು ಸುಟ್ಟು ತೆಗೆದು, ಚಿನ್ನವನ್ನು ಮೂಸೆಯಲ್ಲಿಟ್ಟು, ಚಿಟಿಕೆ ಬಿಳಿಗಾರ ಹಾಕಿ ಕರಗಿಸಿದ. ಕರಗಿದ ಹನಿಯನ್ನು ಬಡಿದ, ಕಾಯಿಸಿದ, ಮತ್ತೆ ಬಡಿದ. ಬಡಿದಷ್ಟೂ ಚಿನ್ನ ಬಿರುಸಾಗುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಕಾಯಿಸದೆ ಅವಸರ ಮಾಡಿದರೆ ಅಂಚು ಸೀಳುತ್ತದೆ. ಹೀಗೆ ಏಳೆಂಟು ಸರದಿ ಆದ ಮೇಲೆ ತಗಡು ತಯಾರಾಯಿತು. ಅದರಿಂದ ಎರಡು ಬಿಲ್ಲೆಗಳನ್ನು ಕತ್ತರಿಸಿದ. ಎಂಟು ಮಿಲಿಮೀಟರ್ ಗುಂಡಿನ ಅರ್ಧಗೋಲಕ್ಕೆ ಎಷ್ಟು ಅಗಲದ ಬಿಲ್ಲೆ ಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡರ ವರ್ಗಮೂಲದಿಂದ ಗುಣಿಸಿದರೆ ಹನ್ನೊಂದು ಮಿಲಿಮೀಟರ್ ಮೀರಿ ಮೂರು ದಶಾಂಶ. ಅವನ ತಂದೆ ಬಿಟ್ಟುಹೋದ ಹಿತ್ತಾಳೆಯ ಅಳತೆಬಿಲ್ಲೆಯನ್ನು ಪಟ್ಟಿ ಇಟ್ಟು ನೋಡಿದೆ: ಹನ್ನೊಂದನ್ನು ದಾಟಿ ಕೂದಲೆಳೆಯಷ್ಟು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಮನುಷ್ಯ ಅವರು.

ಕಂಚಿನ ದಿಮ್ಮಿಯೊಂದರಲ್ಲಿ ದೊಡ್ಡದರಿಂದ ಸಣ್ಣದರವರೆಗೆ ಬಟ್ಟಲಿನಂಥ ಗುಳಿಗಳಿರುತ್ತವೆ. ಬಿಲ್ಲೆಯನ್ನು ಮೊದಲು ಅಗಲವಾದ ಗುಳಿಯಲ್ಲಿಟ್ಟು, ದುಂಡು ತಲೆಯ ಉಳಿಯಿಂದ ಮೆಲ್ಲಗೆ ತಟ್ಟಿ, ಬಳಿಕ ಸಣ್ಣ ಗುಳಿಗೆ, ಅದಕ್ಕಿಂತ ಸಣ್ಣ ಗುಳಿಗೆ ಇಳಿಸುತ್ತ ಬಂದ. ನಡುನಡುವೆ ಮತ್ತೆ ಕಾಯಿಸಿದ. ಒಮ್ಮೆಲೇ ಸಣ್ಣ ಗುಳಿಗೆ ತಳ್ಳಿದರೆ ತಗಡು ನೆರಿಗೆ ಬೀಳುತ್ತದೆ. ಎರಡು ಬಟ್ಟಲುಗಳಾದವು. ಅಂಚುಗಳನ್ನು ನುಣುಪು ಕಲ್ಲಿನ ಮೇಲೆ ತೇದು ಸಮತಲ ಮಾಡಿದ. ತಳದಲ್ಲಿ ಒಳಗಿನಿಂದ ಹೊರಕ್ಕೆ ದಾರದ ರಂಧ್ರ ಕೊರೆದ. ಈ ರಂಧ್ರ ಬರೀ ದಾರಕ್ಕಲ್ಲ. ಬೆಸುಗೆಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿದಾಗ ಹೊರಹೋಗಲು ದಾರಿಯಿಲ್ಲದಿದ್ದರೆ ಗುಂಡು ಒಡೆಯುತ್ತದೆ.

ಇನ್ನು ಬೆಸುಗೆ. ಎರಡು ಬಟ್ಟಲುಗಳನ್ನು ಕೂಡಿಸಿ ತೆಳು ಕಬ್ಬಿಣದ ತಂತಿಯಿಂದ ಕಟ್ಟಿ, ಕೂಡುಗೆರೆಗೆ ಬಿಳಿಗಾರದ ಗಂಧ ಹಚ್ಚಿ, ಸಾಸಿವೆಗಿಂತ ಸಣ್ಣ ಬೆಸುಗೆಯ ಚೂರುಗಳನ್ನು ಸುತ್ತಲೂ ಕೂರಿಸಿದ. ಬೆಸುಗೆಯೂ ಚಿನ್ನವೇ, ಆದರೆ ಬೆಳ್ಳಿ ತಾಮ್ರ ಹೆಚ್ಚು ಬೆರೆತದ್ದರಿಂದ ಮೈಚಿನ್ನಕ್ಕಿಂತ ಸ್ವಲ್ಪ ಮುಂಚೆ ಕರಗುತ್ತದೆ. ಆ ಸ್ವಲ್ಪದ ನಡುವೆ ಇಡೀ ಕಸುಬು ನಿಂತಿದೆ. ಊದುಗೊಳವೆಯಲ್ಲಿ ಊದುವ ಉಸಿರು ಒಂದು ಕ್ಷಣ ಹೆಚ್ಚಾದರೆ ಬೆಸುಗೆಯೊಂದಿಗೆ ಗುಂಡೂ ಕುಸಿದು ಹನಿಯಾಗುತ್ತದೆ. ಕಡಿಮೆಯಾದರೆ ಸಂದು ಉಳಿಯುತ್ತದೆ. ಬೆಸುಗೆ ಮಿಂಚಿನಂತೆ ಗೆರೆಯುದ್ದಕ್ಕೂ ಹರಿದದ್ದನ್ನು ನಾನು ಕಂಡೆ, ಅವನ ಕೆನ್ನೆ ಆ ಕ್ಷಣವೇ ಇಳಿಯಿತು. ಇದನ್ನು ಕಲಿಸುವ ಪಠ್ಯಪುಸ್ತಕ ಯಾವುದು? ಥರ್ಮಾಮೀಟರು ಯಾವುದು? ಚಿನ್ನದ ಬಣ್ಣ ಬದಲಾಗುವುದನ್ನು ಕಣ್ಣು ಓದಬೇಕು, ಕೆನ್ನೆ ಪಾಲಿಸಬೇಕು.

ಆಮೇಲೆ ಆಮ್ಲದಲ್ಲಿ ಅದ್ದಿ ಕಿಟ್ಟ ತೆಗೆದ. ಪೊಳ್ಳು ಗುಂಡಿನೊಳಗೆ ಆಮ್ಲ ನಿಂತುಬಿಡುತ್ತದಾದ್ದರಿಂದ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ತೊಳೆದ. ಒಣಗಿಸಿ, ಹಗುರವಾದ ಆ ಗುಂಡನ್ನು ತಕ್ಕಡಿಯಲ್ಲಿಟ್ಟು ನನ್ನನ್ನು ಕರೆದು ತೂಕ ತೋರಿಸಿದ. ಅರಗು ತುಂಬಿದ್ದು ಅದರ ನಂತರ.

ಅರಗನ್ನು ಏಕೆ ತುಂಬುತ್ತಾರೆ? ಕಾಗದದಷ್ಟು ತೆಳುವಾದ ಚಿನ್ನ ಬೆರಳೊತ್ತಿದರೆ ನಗ್ಗುತ್ತದೆ. ಒಳಗೆ ಆಧಾರ ಬೇಕು, ಆ ಆಧಾರ ಹಗುರವಾಗಿರಬೇಕು, ಸಣ್ಣ ಶಾಖಕ್ಕೆ ಮೆತ್ತಗಾಗಿ ಒಳಹೊಗಬೇಕು, ಆರಿದ ಮೇಲೆ ಗಟ್ಟಿಯಾಗಬೇಕು. ಈ ನಾಲ್ಕೂ ಗುಣಗಳು ಅರಗಿಗಿವೆ. ಆದುದರಿಂದಲೇ ನಮ್ಮ ತಾಯಂದಿರು ಬೋರಮಾಳವನ್ನು ಬಿಸಿನೀರಿಗೆ ಒಡ್ಡುತ್ತಿರಲಿಲ್ಲ, ಎಣ್ಣೆಸ್ನಾನದ ದಿನ ತೆಗೆದಿಡುತ್ತಿದ್ದರು. ಪ್ರಾಸಂಗಿಕವಾಗಿ ಹೇಳುವುದಾದರೆ, ಅರಗಿನ ಕೀಟ ವಾಸಿಸುವ ಮರಗಳಲ್ಲಿ ಮುತ್ತುಗದ ಜೊತೆಗೆ ಬೋರೆಯೂ ಒಂದು. ಬೋರೆಯ ಹಣ್ಣಿನ ಆಕಾರದೊಳಗೆ ಬೋರೆಯ ಮರದ ಅರಗು! ಈ ಹೊಂದಿಕೆಯನ್ನು ಯಾರಾದರೂ ಯೋಚಿಸಿ ಮಾಡಿದರೋ, ತಾನಾಗಿ ಕೂಡಿಬಂತೋ, ಯೋಚಿಸುವುದಕ್ಕೆ ಹಿತವಾಗಿದೆ.

ಈಗ ನನ್ನ ವಾದದ ಎದುರು ಪಕ್ಷದವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತೇನೆ. ಮೋಸವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಎಂಟು ಮಿಲಿಮೀಟರ್ ಗುಂಡಿನೊಳಗೆ ಹಿಡಿಯುವ ಅರಗಿನ ತೂಕ ಸುಮಾರು ಕಾಲು ಗ್ರಾಂ. ಅಂದರೆ ಹೊರಗಿನ ಚಿನ್ನದ ಮುಕ್ಕಾಲರಷ್ಟು. ತುಂಬಿದ ಮೇಲೆ ತೂಗಿ, ಇಡೀ ತೂಕಕ್ಕೆ ಚಿನ್ನದ ಬೆಲೆ ವಸೂಲು ಮಾಡಿದವರು ಇದ್ದರು. ಬೆಸುಗೆಯಲ್ಲಿ ತಾಮ್ರವನ್ನು ಧಾರಾಳವಾಗಿ ಸುರಿದವರೂ ಇದ್ದರು, ಕರಗಿಸುವ ದಿನ ಬಣ್ಣ ಬಯಲಾಗುತ್ತಿತ್ತು. ಆದರೆ ಕಳ್ಳ ಅಕ್ಕಿ ವ್ಯಾಪಾರಿಯಿಂದಾಗಿ ಅಕ್ಕಿ ಮೋಸವಾಗುವುದಿಲ್ಲ. ಅರಗಿಗೆ ಮುನ್ನ ತೂಗಿದರೋ, ನಂತರ ತೂಗಿದರೋ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳುವ ಬದಲು ನಾವು ಒಂದು ಜಾತಿಯ ಮೇಲೆ ಗಾದೆ ಕಟ್ಟಿದೆವು, ಆ ಗಾದೆಯನ್ನು ಪರೀಕ್ಷೆಯಲ್ಲಿ ಅಂಕಗಳಿಗೆ ಇಟ್ಟೆವು.

ಗಾದೆ ಹುಟ್ಟಿದ ಬಗೆಯೂ ವಿಚಾರಾರ್ಹ. ನಮ್ಮ ಹಳ್ಳಿಗಳಲ್ಲಿ ಪತ್ತಾರನಿಗೆ ಕೂಲಿಯೆಂದು ಕೊಡುತ್ತಿದ್ದುದು ಎಷ್ಟು? ಹಲವು ಮನೆಗಳಲ್ಲಿ ಸುಗ್ಗಿಗೆ ಒಂದಿಷ್ಟು ಜೋಳ. ಉಳಿದುದನ್ನು ಆತ ತೇಮಾನಿನಲ್ಲಿ ನೋಡಿಕೊಳ್ಳಲಿ ಎಂಬುದು ಬಾಯಿಬಿಟ್ಟು ಹೇಳದ ಒಪ್ಪಂದ. ತೇಯುವಾಗ, ಅರ ಹಾಕುವಾಗ, ಕರಗಿಸುವಾಗ ನಷ್ಟವಾಗುವ ಚಿನ್ನದ ಲೆಕ್ಕವೇ ತೇಮಾನು. ಕೆಲಸಕ್ಕೆ ಸರಿಯಾದ ಸಂಬಳ ಕೊಡದೆ, ನಷ್ಟದ ಲೆಕ್ಕದಲ್ಲಿ ಹೊಟ್ಟೆ ಹೊರೆದುಕೊಳ್ಳೆಂದು ಕಣ್ಣುಮುಚ್ಚಿ, ಆಮೇಲೆ ಅವನನ್ನು ಕಳ್ಳನೆಂದು ಕರೆಯುವುದು ನ್ಯಾಯವೆ? ಒಬ್ಬ ಶಿಕ್ಷಕನಿಗೆ ಸಂಬಳ ಕೊಡದೆ ಸೀಮೆಸುಣ್ಣ ಮಾರಿಕೊಂಡು ಬದುಕೆಂದರೆ ಏನಾಗುತ್ತಿತ್ತೆಂದು ನಾನು ಯೋಚಿಸುತ್ತೇನೆ.

ಸರ್ಕಾರವೂ ಇದೇ ದೃಷ್ಟಿಯಿಂದ ನೋಡಿತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಒಡವೆಗಳನ್ನು ಹೊಸದಾಗಿ ಮಾಡುವಂತಿಲ್ಲ. ನೂರರಲ್ಲಿ ಐವತ್ತೆಂಟು ಭಾಗ ಮಾತ್ರ ಚಿನ್ನವಿರುವ ಲೋಹ ಅದು. ಬಿರುಸು. ಇಪ್ಪತ್ತೆರಡು ಕ್ಯಾರೆಟ್ಟಿನ ಮೆದುತನಕ್ಕೆ ಒಗ್ಗಿದ ಕೈಗೆ, ಗುಳಿಯಚ್ಚಿಗೆ, ಅದು ಬಗ್ಗುವುದಿಲ್ಲ. ಅದಕ್ಕಿಂತ ಮೊದಲು, ಅಂಥ ಒಡವೆಯನ್ನು ಕೊಳ್ಳುವವರೇ ಇರಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರು ಕಸುಬು ಕಳೆದುಕೊಂಡರು, ಪ್ರಾಣ ಕಳೆದುಕೊಂಡವರೂ ಉಂಟು. ನಮ್ಮೂರ ಪತ್ತಾರರು ಆ ಮೂರು ವರ್ಷ ಕಬ್ಬು ಕಡಿಯಲು ಹೋಗುತ್ತಿದ್ದರೆಂದು ಅವರ ಮಗನೇ ಹೇಳಿದ. 1966ರಲ್ಲಿ ಹದಿನಾಲ್ಕರ ಕಟ್ಟಳೆ ಸಡಿಲವಾಯಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಪತ್ತಾರ ಪ್ರಮಾಣಪತ್ರ ಹೊಂದಬೇಕು, ಲೆಕ್ಕ ಬರೆಯಬೇಕು. ಅದು ರದ್ದಾದದ್ದು 1990ರಲ್ಲಿ. ನನ್ನ ತಾಯಿಯ ಚೀಟಿಯಲ್ಲಿ ತೂಕ ಅಷ್ಟು ಖಚಿತವಾಗಿರುವುದಕ್ಕೆ ಆ ಕಾಯ್ದೆಯ ಭಯವೂ ಒಂದು ಕಾರಣವಿರಬಹುದೆಂದು ವಾದಿಸುವವರು ವಾದಿಸಲಿ. "ಅರಗು ಬಿಟ್ಟು" ಎಂದು ಬರೆಯಲು ಯಾವ ಇನ್‌ಸ್ಪೆಕ್ಟರೂ ಹೇಳಿರಲಿಲ್ಲ.

ವಿಚಿತ್ರವೆಂದರೆ, ಅಂದು ಕಾನೂನು ಹೇರಲಾಗದ ಹದಿನಾಲ್ಕು ಕ್ಯಾರೆಟ್ಟನ್ನು ಇಂದು ಬೆಲೆ ಸದ್ದಿಲ್ಲದೆ ಹೇರುತ್ತಿದೆ. ಪತ್ತಾರ ಮಾಡಿದರೆ ಪೊಳ್ಳು ಎನಿಸಿದ್ದು ಯಂತ್ರ ಮಾಡಿದರೆ "ಲೈಟ್ ವೇಟ್ ಕಲೆಕ್ಷನ್" ಆಗಿದೆ. ನನ್ನ ತಾಯಿಯ ಗುಂಡನ್ನು ಕತ್ತರಿಸಿ ನಕ್ಕ ಆ ಯುವಕನ ಬೆನ್ನ ಹಿಂದೆಯೇ ಅಂಥ ಸರಗಳ ಇಡೀ ಗೋಡೆಯಿತ್ತು! ಮೇಣದ ಅಚ್ಚಿನ ಮೇಲೆ ವಿದ್ಯುತ್ತಿನಿಂದ ಚಿನ್ನ ಲೇಪಿಸಿ, ಮೇಣ ಕರಗಿಸಿ ತೆಗೆದು ಮಾಡುವ ಗುಂಡುಗಳೂ ಇವೆ. ಟೊಳ್ಳಿನಲ್ಲಿ ಟೊಳ್ಳು. ನಾನು ಅದನ್ನೂ ಮೋಸವೆನ್ನುವುದಿಲ್ಲ. ಆದರೆ ಒಂದೇ ವಸ್ತುವಿಗೆ ಎರಡು ಹೆಸರು, ಮಾಡುವವನ ಅಂತಸ್ತು ನೋಡಿ ಕೊಡುವುದಾದರೆ ಅದನ್ನು ಏನೆಂದು ಕರೆಯಬೇಕು?

ಹಾಲ್‌ಮಾರ್ಕಿನ ಬಗ್ಗೆಯೂ ಒಂದು ಮಾತು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಗಿ, 2023ರ ಏಪ್ರಿಲ್‌ನಿಂದ ಆರು ಅಕ್ಷರಾಂಕಿಗಳ ವಿಶಿಷ್ಟ ಗುರುತೂ ಬೇಕಾಯಿತು. ಒಳ್ಳೆಯದೇ. ಕ್ಯಾಡ್ಮಿಯಂ ಬೆಸುಗೆಯ, ಅಂದರೆ ಕೆಡಿಎಂ ಹೆಸರಿನ ಮೋಹ ಕಡಿಮೆಯಾದದ್ದೂ ಒಳ್ಳೆಯದೇ. 767 ಡಿಗ್ರಿಯಲ್ಲೇ ಆವಿಯಾಗುವ ಆ ಲೋಹದ ವಿಷ ಹೋಗುತ್ತಿದ್ದುದು ಊದುಗೊಳವೆ ಹಿಡಿದವನ ಶ್ವಾಸಕೋಶಕ್ಕೆ. "ಕೆಡಿಎಂ ಇದೆಯೇ" ಎಂದು ಜಂಬದಿಂದ ವಿಚಾರಿಸುತ್ತಿದ್ದ ನಮಗೆ ಅದರ ಅರಿವಿರಲಿಲ್ಲ. ಆದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಅದನ್ನು ಮಾಡಿದ ಕೈಗೆ ಎಷ್ಟು ಸಂದಿತೆಂಬುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ.

ಬಿಲ್ಲು ಹೇಳುತ್ತದೆಯೆ? ಅದನ್ನೂ ನೋಡಿದ್ದೇನೆ. ವೇಸ್ಟೇಜ್ ಎಂಬ ಪದದ ಮಾನ ಹೋಗಿರುವುದರಿಂದ ಈಗ ಹಲವೆಡೆ ಅದನ್ನು ವಿ.ಎ., ವ್ಯಾಲ್ಯೂ ಅಡಿಷನ್ ಎಂದು ಬರೆಯುತ್ತಾರೆ. ಚಿನ್ನದ ಬೆಲೆಯ ಮೇಲೆ ಶೇಕಡಾ ಇಷ್ಟು. ಶೇಕಡಾ ಹದಿನೈದೆಂದೇ ಇಟ್ಟುಕೊಳ್ಳಿ. 2005ರಲ್ಲಿ ಹತ್ತು ಗ್ರಾಂ ಚಿನ್ನ ಸುಮಾರು ಏಳು ಸಾವಿರ ರೂಪಾಯಿಗಿದ್ದಾಗ ಹತ್ತು ಗ್ರಾಮಿನ ಸರಕ್ಕೆ ಈ ಬಾಬ್ತು ಒಂದು ಸಾವಿರದ ಐವತ್ತು. 2025ರಲ್ಲಿ ಅದೇ ಸರಕ್ಕೆ ಹದಿನೈದು ಸಾವಿರ. ಅದೇ ತಗಡು, ಅದೇ ಗುಳಿ, ಅದೇ ಬೆಸುಗೆ. ಹದಿನಾಲ್ಕು ಪಟ್ಟು ಏರಿದ ಈ ಮೊತ್ತದಲ್ಲಿ ಕೆಲಸಗಾರನ ಕೂಲಿ ಹದಿನಾಲ್ಕು ಪಟ್ಟು ಏರಿತೆ? ಓಣಿಯ ಹದಿನಾಲ್ಕು ಕುಂಪಟೆಗಳು ಎರಡಕ್ಕೆ ಇಳಿದದ್ದೇ ಇದಕ್ಕೆ ಉತ್ತರ. ಹವಾನಿಯಂತ್ರಿತ ಮಳಿಗೆಯಲ್ಲಿ ಹದಿನೈದು ಸಾವಿರವನ್ನು ಮರುಮಾತಿಲ್ಲದೆ ಕಾರ್ಡಿನಲ್ಲಿ ಉಜ್ಜುವ ನಾವೇ ಚಾಪೆಯ ಮೇಲೆ ಕುಳಿತ ಪತ್ತಾರ ಸಾವಿರ ರೂಪಾಯಿ ಕೂಲಿ ಕೇಳಿದರೆ ಎಂಟುನೂರಕ್ಕೆ ಇಳಿಸುತ್ತೇವೆ, ಇಳಿಸಿ ಜಾಣರೆಂದು ಬೀಗುತ್ತೇವೆ. ನಾನೂ ಇಳಿಸಿದ್ದೇನೆ.

ಆದುದರಿಂದ ನನ್ನ ಬೇಡಿಕೆ ಸರಳವಾದುದು. ಒಡವೆಯ ಬಿಲ್ಲಿನಲ್ಲಿ ಚಿನ್ನದ ತೂಕ ಒಂದು ಸಾಲು, ಅರಗಿನಂಥ ಇತರ ವಸ್ತುಗಳ ತೂಕ ಇನ್ನೊಂದು ಸಾಲು, ಕೂಲಿ ರೂಪಾಯಿಗಳಲ್ಲಿ ಮೂರನೆಯ ಸಾಲು. ಶೇಕಡಾವಾರು ಲೆಕ್ಕ ಬೇಡ. ನಾಲ್ಕನೆಯ ತರಗತಿ ಓದಿದ ಒಬ್ಬ ಪತ್ತಾರ 1974ರಲ್ಲಿ ಅಂಗೈಯಗಲದ ಚೀಟಿಯಲ್ಲಿ ಬರೆಯಬಲ್ಲವನಾಗಿದ್ದನ್ನು ಕಂಪ್ಯೂಟರ್ ಬಿಲ್ಲಿನಲ್ಲಿ ಬರೆಯಲಾಗದೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಇನ್ನು ಆ ಗಾದೆಯನ್ನು ಈಗಲೂ ಮಕ್ಕಳಿಂದ ವಿಸ್ತರಿಸಿ ಬರೆಸುತ್ತಿರುವ ಶಿಕ್ಷಕ ಬಂಧುಗಳಿದ್ದರೆ, ಹಲಗೆಯ ಮೇಲೆ ಬರೆಯುವ ಮುನ್ನ ಹಿಂದಿರುಗಿ ಮೂರನೆಯ ಬೆಂಚನ್ನು ಒಮ್ಮೆ ನೋಡಿ.

ಆ ಸಂಜೆ ಅವನು ಅರಗನ್ನು ಸಣ್ಣ ಕಡ್ಡಿಯಂತೆ ಹೊಸೆದು, ಬೆಚ್ಚಗಿನ ಗುಂಡಿನೊಳಗೆ ಇಳಿಸಿ, ಕಾದ ಸೂಜಿಯಿಂದ ದಾರದ ದಾರಿ ಬಿಡಿಸಿ, ಉಕ್ಕಿನ ಕಡ್ಡಿಯಿಂದ ತಿಕ್ಕಿ ಹೊಳಪು ಕೊಟ್ಟ. ಇಪ್ಪತ್ತೇಳರ ನಡುವೆ ಪೋಣಿಸಿದ ಮೇಲೆ ಹೊಸದು ಯಾವುದೆಂದು ನನಗೆ ಗುರುತಿಸಲಾಗಲಿಲ್ಲ. ಕೈಗೆ ಕೊಡುವಾಗ, "ಅಕ್ಕೋರ ಚಿನ್ನರಿ ಇದು, ತೂಕ ನೋಡಿಕೊಂಡು ತಗೋರಿ" ಎಂದ. ನಗುತ್ತಲೇ ಹೇಳಿದ. ಮೂವತ್ತೆಂಟು ವರ್ಷಗಳ ಹಿಂದಿನ ಪಾಠ ಅವನಿಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕೂಲಿ ಎಷ್ಟೆಂದು ಕೇಳಿದೆ. "ನಿಮ್ಮ ಕಡೆ ಏನ್ ತಗೊಳ್ಳೋದ್ರಿ" ಎಂದ. ಚೀಟಿ ಬರೆದುಕೊಡದೆ ಎದ್ದೇಳುವುದಿಲ್ಲವೆಂದೆ. ತಂದೆಯ ಚೀಟಿಯನ್ನು ಎದುರಿಗಿಟ್ಟುಕೊಂಡು ಬರೆದ: ಗುಂಡು 1. ಅರಗು ಬಿಟ್ಟು ತೂಕ 360 ಮಿಲಿ. ಕೂಲಿಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಇನ್ನೂರೆಂದು ಬರೆದ. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ, ಒಂದು ದಿನದ ನನ್ನ ಪಿಂಚಣಿ ಎಷ್ಟೋ ಅಷ್ಟನ್ನು ಬರೆದೆ. ಸ್ವಲ್ಪ ವಾದವಾಯಿತು. ಅವನ ಹೆಂಡತಿ ಚಹಾ ತಂದಳು. ಎರಡೂ ಚೀಟಿಗಳು ಈಗ ಸೊಸೆಯ ಡಬ್ಬಿಯಲ್ಲಿವೆ, ಸರದ ಕೆಳಗೆ.